ಶ್ರೀಗಂಧವೂ ಮೈಸೂರಿನ ಸಾಬೂನೂ

ಹುಣಸೂರು, ಹೆಗ್ಗಡದೇವನಕೋಟೆ ಮೊದಲಾದ ಸೀಮೆಗಳ ಶ್ರೀಗಂಧವು ಹಿಂದೆ ಬಹುಮಟ್ಟಿಗೆ ಕೊರಡಾಗಿಯೇ ಯೂರೋಪಿಗೆ ಹೋಗುತ್ತಿದ್ದಿತು; ಎಣ್ಣೆಯನ್ನಿಳಿಸಿ ಲಾಭ ಪಡೆಯುತ್ತಿದ್ದವರು ಅಲ್ಲಿನವರು. 1914ರಲ್ಲಿ ಮಹಾಯುದ್ಧವು ಮೊದಲಾಗಲು ಆ ವ್ಯಾಪಾರವು ಕುಸಿದು, ಕೊರಡುಗಳು ಕೋಠಿಗಳಲ್ಲಿಯೇ ಉಳಿದುವು. ಈ ಸಂಕಟವೇ ಕೈಗಾರಿಕೆಗೆ ಕಾರಣವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯೂ 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯೂ ಏರ್ಪಟ್ಟುವು. ಇಂಗ್ಲೆಂಡಿನಲ್ಲಿ ಶಿಕ್ಷಣ ಪಡೆದು ಬಂದ ಎಸ್. ಜಿ. ಶಾಸ್ತ್ರಿಗಳು ಸಾಬೂನಿನ ತಯಾರಿಕೆಯನ್ನು ಸಿದ್ಧಿಗೆ ತಂದರು.

ಹೀಗೆ ಲಾಭವು ನಾಡಿನಲ್ಲಿಯೇ ನಿಂತರೂ ರೈತನ ಸ್ಥಿತಿ ಬದಲಾಗಲಿಲ್ಲ. ಅವನ ಹೊಲದಲ್ಲಿ ಬೆಳೆದ ಗಂಧದ ಮರವೂ ಸರ್ಕಾರದ ಸ್ವತ್ತಾಗಿದ್ದಿತು. ಅವನು ಕಾವಲುಗಾರನು ಮಾತ್ರ. 2001ರ ಅರಣ್ಯ ಕಾಯಿದೆಯ ತಿದ್ದುಪಡಿಯಿಂದ ಮರದ ಒಡೆತನವು ನೆಲದ ಒಡೆಯನಿಗೆ ಬಂದಿತು. ಅಷ್ಟರೊಳಗೆ ಕಾಡಿನ ಗಂಧವು ಬಹಳವಾಗಿ ಕ್ಷೀಣಿಸಿದ್ದಿತು.