ಶಾಸನದ ಸಂಖ್ಯೆಯಿಂದ ಪ್ರಿಂಟರಿನ ವಿಳಾಸದವರೆಗೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಶಾಸನಗಳನ್ನು ಅಭ್ಯಾಸಮಾಡುವವರಿಗೆ ಬಿ. ಎಲ್. ರೈಸರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವೇ ಮೊದಲ ಆಸರೆ. ಕೋಲಾರ ಜಿಲ್ಲೆಯ ಸಂಪುಟವಾಗಿ 1905ರಲ್ಲಿ ಪ್ರಕಟವಾದ ಈ ಗ್ರಂಥದಲ್ಲಿ ಪ್ರತಿಯೊಂದು ತಾಲ್ಲೂಕಿನ ಶಾಸನಗಳಿಗೂ ಒಂದರಿಂದ ಮೊದಲುಗೊಂಡು ಕ್ರಮಸಂಖ್ಯೆಗಳನ್ನು ಕೊಡಲಾಗಿದೆ. ತಾಲ್ಲೂಕಿನ ಹೆಸರು, ಅದರ ಮುಂದೆ ಒಂದು ಸಂಖ್ಯೆ. ಇಷ್ಟರಿಂದಲೇ ಹೊಲದ ಬದುವಿನ ವೀರಗಲ್ಲಾಗಲಿ ನಂದಿಯ ದೇವಾಲಯದ ಬರಹವಾಗಲಿ ಸಂದೇಹಕ್ಕೆಡೆಯಿಲ್ಲದೆ ಗುರುತಿಗೆ ಬರುತ್ತದೆ. ಇಂದಿನ ಕಚೇರಿಗಳಲ್ಲಿ ಪ್ರಿಂಟರಿಗೆ ಜಾಲದ ವಿಳಾಸವನ್ನು ಗೊತ್ತುಮಾಡುವ ಕೆಲಸವನ್ನು ಕೇವಲ ತಂತ್ರಜ್ಞರ ವಿಷಯವೆಂದು ಭಾವಿಸುವುದುಂಟು. ಅದು ವಾಸ್ತವವಾಗಿ ದಾಖಲೆಗಳ ಇತಿಹಾಸಕ್ಕೆ ಸೇರಿದ ವಿಷಯವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ರೈಸರ ಕ್ರಮದಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಐದನೆಯ ಸಂಖ್ಯೆಯ ಶಾಸನ ಚಿಂತಾಮಣಿಯಲ್ಲಿಯೂ ಉಂಟು, ಶಿಡ್ಲಘಟ್ಟದಲ್ಲಿಯೂ ಉಂಟು. ತಾಲ್ಲೂಕಿನ ಹೆಸರು ಜೊತೆಗಿರುವುದರಿಂದ ಗೊಂದಲವಿಲ್ಲ. ಎರಡನೆಯದಾಗಿ, 2007ರಲ್ಲಿ ಈ ತಾಲ್ಲೂಕುಗಳು ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದರೂ ಆ ಸಂಪುಟದ ಸಂಖ್ಯೆಗಳನ್ನು ಆಧರಿಸಿದ ಉಲ್ಲೇಖಗಳು ಕೆಡಲಿಲ್ಲ. ಒಂದು ಶತಮಾನದ ಬರಹಗಳಲ್ಲಿ ವಿದ್ವಾಂಸರು ಆ ಸಂಖ್ಯೆಗಳನ್ನು ಹಿಡಿದೇ ಶಾಸನಗಳನ್ನು ಅರಸಿದ್ದಾರೆ. ಅರಸುವವರು ಹಲವರಿರುವಾಗ ಅರಸಲ್ಪಡುವ ವಸ್ತುವಿನ ಗುರುತು ಬದಲಾಗಬಾರದು.

ಅಂಚೆಯ ಪಿನ್ ಸಂಖ್ಯೆ ಇನ್ನೊಂದು ಬಗೆಯದು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯ ಸಂಖ್ಯೆಯಲ್ಲಿ ಮೊದಲ ಮೂರು ಅಂಕಿಗಳು ಪತ್ರಗಳನ್ನು ವಿಂಗಡಿಸುವ ವಲಯವನ್ನೂ, ಉಳಿದ ಮೂರು ಬಟವಾಡೆಯ ಅಂಚೆಕಚೇರಿಯನ್ನೂ ಸೂಚಿಸುತ್ತವೆ. ಚಿಕ್ಕಬಳ್ಳಾಪುರದ ಸಂಖ್ಯೆ 562101, ಶಿಡ್ಲಘಟ್ಟದ್ದು 562105. ಆದರೆ ಗೌರಿಬಿದನೂರಿನದು 561208, ಚಿಂತಾಮಣಿಯದು 563125. ಒಂದೇ ಜಿಲ್ಲೆಯ ನಾಲ್ಕು ಊರುಗಳಿಗೆ ಮೂರು ಬಗೆಯ ಆರಂಭಗಳಿವೆ. ಇದು ಪ್ರಮಾದವಲ್ಲ. ಪಿನ್ ಸಂಖ್ಯೆ ಕಂದಾಯದ ಗಡಿಯನ್ನು ಅನುಸರಿಸದೆ ಪತ್ರ ಸಾಗುವ ದಾರಿಯನ್ನು ಅನುಸರಿಸುತ್ತದೆ. ಶಾಸನದ ಸಂಖ್ಯೆ ವಸ್ತುವಿನ ಹೆಸರಾದರೆ, ಪಿನ್ ಸಂಖ್ಯೆ ಅದನ್ನು ತಲಪುವ ಮಾರ್ಗ.

ಗಣಕಯಂತ್ರಗಳ ಜಾಲದಲ್ಲಿ ಈ ಎರಡು ಬಗೆಗಳೂ ಒಟ್ಟಿಗೆ ಕಾಣಬರುತ್ತವೆ. ಪ್ರಿಂಟರಿನ ಜಾಲಭಾಗಕ್ಕೆ ಕಾರ್ಖಾನೆಯಲ್ಲಿಯೇ ಹನ್ನೆರಡು ಅಕ್ಷರಾಂಕಗಳ ಯಂತ್ರಸಂಖ್ಯೆಯೊಂದನ್ನು ಕೊಟ್ಟಿರುತ್ತಾರೆ, ಅದು ಹೆಸರು. ಕಚೇರಿಯವರು ಕೊಡುವ ಐ.ಪಿ. ವಿಳಾಸ ಮಾರ್ಗ. ಪ್ರಿಂಟರನ್ನು ಚಿಕ್ಕಬಳ್ಳಾಪುರದ ಕಚೇರಿಯಿಂದ ಚಿಂತಾಮಣಿಯ ಕಚೇರಿಗೆ ಸಾಗಿಸಿದರೆ ಮೊದಲನೆಯದು ಅದರೊಡನೆ ಹೋಗುತ್ತದೆ. ಎರಡನೆಯದನ್ನು ಹೊಸದಾಗಿ ಗೊತ್ತುಮಾಡಬೇಕಾಗುತ್ತದೆ.

ಐ.ಪಿ. ವಿಳಾಸದ ಇಂದಿಗೂ ಬಳಕೆಯಲ್ಲಿರುವ ರೂಪ 1981ರಲ್ಲಿ ನಿಗದಿಯಾಯಿತು. 0ಯಿಂದ 255ರವರೆಗಿನ ನಾಲ್ಕು ಅಂಕಗಳ ಈ ಏರ್ಪಾಟಿನಲ್ಲಿ ಸುಮಾರು 429 ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಅವುಗಳ ದಫ್ತರನ್ನು ಅಮೆರಿಕದ ಜಾನ್ ಪೋಸ್ಟೆಲ್ 1998ರಲ್ಲಿ ತೀರಿಕೊಳ್ಳುವವರೆಗೂ ನೋಡಿಕೊಂಡರು. ವಿಳಾಸಗಳ ಅಭಾವವನ್ನು ಮುಂಗಂಡು 1996ರಲ್ಲಿ ಕೆಲವು ಸಮೂಹಗಳನ್ನು ಒಳಜಾಲಗಳ ಬಳಕೆಗೆಂದು ಖಾಯಂ ಆಗಿ ಬಿಟ್ಟುಕೊಡಲಾಯಿತು, 192.168 ಎಂದು ಆರಂಭವಾಗುವವು ಅಂಥವು. ಆದ್ದರಿಂದ 192.168.1.20 ಎಂಬ ವಿಳಾಸ ಗೌರಿಬಿದನೂರಿನ ಕಚೇರಿಯಲ್ಲಿಯೂ ಶಿಡ್ಲಘಟ್ಟದ ಕಚೇರಿಯಲ್ಲಿಯೂ ಇರಬಹುದು. ಇದು ತಾಲ್ಲೂಕುತಾಲ್ಲೂಕಿಗೂ ಐದನೆಯ ಶಾಸನವಿರುವ ಕ್ರಮವೇ ಸರಿ. ಎರಡು ಕಚೇರಿಗಳ ಜಾಲಗಳನ್ನು ಒಂದಾಗಿ ಕೂಡಿಸಿದಾಗ ಮಾತ್ರ, ತಾಲ್ಲೂಕನ್ನು ಹೇಳದೆ ‘ಐದನೆಯ ಶಾಸನ’ವೆಂದು ಬರೆದವನ ಪಾಡು ಅಲ್ಲಿಯೂ ಒದಗುತ್ತದೆ.

1993ರಲ್ಲಿ ಮೊದಲು ರೂಪುಗೊಂಡ ಡಿ.ಎಚ್.ಸಿ.ಪಿ. ಎಂಬ ನಿಯಮದಿಂದ ವಿಳಾಸಗಳು ತಾವಾಗಿಯೇ ಹಂಚಿಕೆಯಾಗತೊಡಗಿದವು. ಈ ಹಂಚಿಕೆ ವಾಯಿದೆಯ ಗೇಣಿಯಂತೆ. ವಾಯಿದೆ ತೀರಿದ ಮೇಲೆ ಬೇರೆ ವಿಳಾಸ ದೊರೆಯಬಹುದು. ಕೆಲಸವನ್ನು ಕಳುಹಿಸುವ ಗಣಕಯಂತ್ರಕ್ಕೆ ಇದರಿಂದ ಬಾಧೆಯಿಲ್ಲ, ಏಕೆಂದರೆ ಅದು ಅರಸಿ ಹೋಗುವಂಥದು. ಪ್ರಿಂಟರು ಅರಸಲ್ಪಡುವಂಥದು. ಅದರ ವಿಳಾಸ ಒಂದು ರಾತ್ರಿಯಲ್ಲಿ ಬದಲಾದರೆ, ಹಳೆಯ ವಿಳಾಸವನ್ನೇ ನಂಬಿದ ಗಣಕಯಂತ್ರಗಳು ಕಳುಹಿಸಿದ ಕಾಗದಗಳು ಯಾರಿಗೂ ತಲಪುವುದಿಲ್ಲ. ಯಂತ್ರ ಕೆಟ್ಟಿರುವುದಿಲ್ಲ, ಸಿಬ್ಬಂದಿಯ ಆಲಸ್ಯವೂ ಇರುವುದಿಲ್ಲ. ಆದರೂ ಪಹಣಿಗಾಗಿ ಹಳ್ಳಿಯಿಂದ ಬಂದ ರೈತನು ಕಿಟಕಿಯ ಮುಂದೆ ನಿಂತೇ ಇರಬೇಕಾಗುತ್ತದೆ. ಅವನು ಕಳೆದುಕೊಳ್ಳುವುದು ಒಂದು ದಿನದ ಕೂಲಿಯನ್ನು.

ಇದಕ್ಕೆ ಪರಿಹಾರಗಳು ಎರಡು. ತಾನಾಗಿ ಹಂಚಿಕೆಯಾಗುವ ವಿಳಾಸಗಳು ಉದಾಹರಣೆಗೆ 100ರಿಂದ 199ರವರೆಗೆ ಇದ್ದರೆ, ಅದರ ಹೊರಗಿನ 20ನ್ನು ಆರಿಸಿ, ಅದು ಬೇರಾವ ಯಂತ್ರಕ್ಕೂ ಸೇರಿಲ್ಲವೆಂದು ಖಚಿತಪಡಿಸಿಕೊಂಡು, ಪ್ರಿಂಟರಿನಲ್ಲಿಯೇ ನಮೂದಿಸುವುದು ಒಂದು. ವಿಳಾಸಗಳನ್ನು ಹಂಚುವ ರೂಟರಿನಲ್ಲಿ ಪ್ರಿಂಟರಿನ ಯಂತ್ರಸಂಖ್ಯೆಯನ್ನು ಬರೆದು, ಅದಕ್ಕೆ ಇಂಥ ವಿಳಾಸವನ್ನೇ ಕೊಡತಕ್ಕದ್ದೆಂದು ಕಾದಿರಿಸುವುದು ಇನ್ನೊಂದು. ಹೆಸರು ಮಾರ್ಗಗಳೆರಡೂ ಒಂದೇ ಕಡೆ ದಾಖಲಾಗುವುದರಿಂದ ಎರಡನೆಯದು ಹೆಚ್ಚು ಅನುಕೂಲವಾದುದು. ಆದರೆ ರೂಟರನ್ನು ಬದಲಾಯಿಸಿದ ದಿನ ಆ ದಾಖಲೆಯೂ ಅದರೊಡನೆ ಹೋಗುತ್ತದೆಂಬುದನ್ನು ಮರೆಯಲಾಗದು.

ಆದಕಾರಣ ಕಚೇರಿಯ ವಹಿಯೊಂದರಲ್ಲಿ ಪ್ರಿಂಟರಿನ ಯಂತ್ರಸಂಖ್ಯೆ, ವಿಳಾಸ, ಇರುವ ಕೊಠಡಿ ಮತ್ತು ಗೊತ್ತುಮಾಡಿದ ತಾರೀಖು ಈ ನಾಲ್ಕನ್ನು ಬರೆದಿಡುವುದು ಅವಶ್ಯಕ. ಇದು ಅಲ್ಪ ಕೆಲಸವೆಂದು ತೋರಬಹುದು. ರೈಸರ ಕಾಲದಲ್ಲಿ ಹಳ್ಳಿಹಳ್ಳಿಯ ಕಲ್ಲುಗಳಿಗೆ ಸಂಖ್ಯೆ ಬರೆದುಕೊಂಡದ್ದೂ ಇಂಥದೇ ಅಲ್ಪ ಕೆಲಸವಾಗಿತ್ತು. ಕಲ್ಲು ಮಣ್ಣಿನಲ್ಲಿ ಹೂತುಹೋದರೂ ವಹಿಯಲ್ಲಿ ಸಂಖ್ಯೆಯಿದ್ದರೆ ಅದನ್ನು ಮತ್ತೆ ಅರಸಬಹುದು. ವಹಿಯೇ ಇಲ್ಲದಿದ್ದರೆ ಕಣ್ಣೆದುರಿಗಿರುವ ಯಂತ್ರವೂ ಕಾಣದಂತಾಗುತ್ತದೆ.