ಕಂಡರವೂ ಭಾರವೂ: ಒಂದು ವೈದ್ಯವಿಚಾರದ ಇತಿಹಾಸ

ಮಾಂಸಖಂಡವನ್ನು ಎಲುಬಿಗೆ ಬಿಗಿದಿರುವ ಬಿಳಿಯ ಹುರಿಗೆ ಕಂಡರವೆಂದು ಹೆಸರು. ಹಿಮ್ಮಡಿಯ ಮೇಲ್ಗಡೆ ಬೆರಳಿಗೆ ಸಿಕ್ಕುವ ದಪ್ಪ ಹುರಿಯು ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ. ಇದು ಬರಿಯ ಹಗ್ಗವೋ, ಅಥವಾ ತನ್ನ ಮೇಲೆ ಬೀಳುವ ಭಾರವನ್ನರಿತು ತನ್ನನ್ನು ತಿದ್ದಿಕೊಳ್ಳುವ ಸಜೀವ ವಸ್ತುವೋ ಎಂಬ ಪ್ರಶ್ನೆಯು ಇತಿಹಾಸದ ವಿದ್ಯಾರ್ಥಿಗೆ ದೂರದ್ದೆಂದು ತೋರಬಹುದು. ಆದರೆ ನೊಂದ ಕಾಲನ್ನು ಕಟ್ಟಿ ಮಲಗಿಸಬೇಕೆ, ನಡೆಯಿಸಬೇಕೆ ಎಂಬ ನಿರ್ಣಯವು ಈ ಪ್ರಶ್ನೆಯ ಉತ್ತರವನ್ನು ಬಹುಮಟ್ಟಿಗೆ ಅವಲಂಬಿಸಿದೆ. ಆ ಉತ್ತರವು ಕಾಲಕಾಲಕ್ಕೆ ಬದಲಾದ ಬಗೆಯನ್ನು ನಾವು ಇಲ್ಲಿ ಸಂಗ್ರಹವಾಗಿ ವಿಚಾರಿಸುವೆವು.

ಮೊದಲನೆಯ ತೊಡಕು ಶಬ್ದಕ್ಕೆ ಸಂಬಂಧಿಸಿದ್ದು. ಗ್ರೀಕರ 'ನ್ಯೂರಾನ್' ಎಂಬ ಪದವು ಕಂಡರಕ್ಕೂ ನರಕ್ಕೂ ಸಲ್ಲುತ್ತಿದ್ದಿತು. ನಮ್ಮಲ್ಲಿಯೂ ಇಂಥ ಸಂಕರವುಂಟು. ಸಂಸ್ಕೃತ ವೈದ್ಯದಲ್ಲಿ ಬಂಧಕ ತಂತುಗಳನ್ನು ಹೇಳುತ್ತಿದ್ದ 'ಸ್ನಾಯು' ಎಂಬ ಮಾತು ಇಂದಿನ ಕನ್ನಡ ಪಠ್ಯಗಳಲ್ಲಿ ಮಾಂಸಖಂಡವನ್ನು ಸೂಚಿಸುತ್ತದೆ. ಆಡುಮಾತಿನ 'ನರ'ವಂತೂ ರಕ್ತನಾಳ, ನರ, ಕಂಡರ ಎಲ್ಲವನ್ನೂ ಒಳಗೊಂಡಿದೆ. ಸುಶ್ರುತಸಂಹಿತೆಯ ಶಾರೀರಸ್ಥಾನವು ದೇಹದಲ್ಲಿ ೯೦೦ ಸ್ನಾಯುಗಳನ್ನು ಎಣಿಸಿ, ಹಲಗೆಗಳನ್ನು ಬಂಧಗಳಿಂದ ಬಿಗಿದ ದೋಣಿಯು ನೀರಿನಲ್ಲಿ ಭಾರವನ್ನು ಹೊರುವಂತೆ ಸ್ನಾಯುಬದ್ಧವಾದ ದೇಹವೂ ಭಾರವನ್ನು ಹೊರುತ್ತದೆಂದು ವಿವರಿಸುತ್ತದೆ. ಭಾರವಹನವೇ ಇವುಗಳ ಕಾರ್ಯವೆಂಬ ಅರಿವು ಇಲ್ಲಿ ಸ್ಪಷ್ಟವಾಗಿದೆ.

ಪಶ್ಚಿಮದಲ್ಲಿ ಪದದ ಸಂಕರವು ಸಿದ್ಧಾಂತವಾಗಿ ಗಟ್ಟಿಗೊಂಡಿತು. ಕ್ರಿ. ಶ. ೨ನೆಯ ಶತಮಾನದಲ್ಲಿ ಪೆರ್ಗಮಮ್ ನಗರದ ಮಲ್ಲರ ವೈದ್ಯನಾಗಿದ್ದ ಗೇಲನನು ಕಂಡರದಲ್ಲಿ ನರದ ಎಳೆಗಳೂ ಬೆರೆತಿವೆಯೆಂದೂ, ಅದಕ್ಕೆ ಚುಚ್ಚು ತಗಲಿದರೆ ಸೆಳವು ಬರುವುದೆಂದೂ ಬೋಧಿಸಿದನು. ಅವನ ಪ್ರಾಮಾಣ್ಯದ ಬಲದಿಂದ ಯೂರೋಪಿನ ಅನೇಕ ಶಸ್ತ್ರವೈದ್ಯರು ಕಡಿದ ಕಂಡರವನ್ನು ಹೊಲಿಯಲು ಶತಮಾನಗಳವರೆಗೆ ಅಂಜಿದರು. ೧೭೫೨ರಲ್ಲಿ ಗಟಿಂಗೆನ್ ನಗರದ ಆಲ್ಬ್ರೆಕ್ಟ್ ಫಾನ್ ಹಾಲರನು ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಮುಂದಿಟ್ಟು, ಕಂಡರಕ್ಕೆ ಸಂವೇದನೆಯಿಲ್ಲವೆಂದು ವಾದಿಸಿದನು. ೧೭೬೭ರಲ್ಲಿ ತನ್ನದೇ ಹಿಮ್ಮಡಿಯ ಕಂಡರವನ್ನು ಹರಿದುಕೊಂಡ ಲಂಡನ್ನಿನ ಜಾನ್ ಹಂಟರನು ನಾಯಿಗಳ ಕಂಡರಗಳನ್ನು ಕತ್ತರಿಸಿ, ಅವು ಕೂಡಿಕೊಳ್ಳುವ ಕ್ರಮವನ್ನು ಪರೀಕ್ಷಿಸಿದನು. ಹೀಗೆ ನರವೆಂಬ ಭ್ರಾಂತಿಯು ತೊಲಗಿತು. ಆದರೆ ಅದರ ಸ್ಥಾನದಲ್ಲಿ ನಿರ್ಜೀವ ಹಗ್ಗವೆಂಬ ಭಾವನೆಯು ನೆಲೆಯೂರಿತು.

೧೯ನೆಯ ಶತಮಾನದ ಉತ್ತರಾರ್ಧದಲ್ಲಿ ವಿಚಾರವು ಇನ್ನೊಂದು ದಿಕ್ಕಿಗೆ ಹೊರಳಿತು. ವಿಲ್ಹೆಲ್ಮ್ ರೂ ಎಂಬಾತನು ೧೮೮೧ರ ತನ್ನ ಗ್ರಂಥದಲ್ಲಿ ದೇಹದ ಭಾಗಗಳು ತಾವು ಮಾಡುವ ಕಾರ್ಯಕ್ಕೆ ಹೊಂದಿಕೊಳ್ಳುತ್ತವೆಂದು ಸಾರಿದನು. ಯೂಲಿಯುಸ್ ವೋಲ್ಫನು ೧೮೯೨ರಲ್ಲಿ ಎಲುಬಿನ ವಿಷಯದಲ್ಲಿ ಇದನ್ನೇ ನಿಯಮವಾಗಿ ನಿರೂಪಿಸಿದನು. ಆದರೆ ಚಿಕಿತ್ಸಕರಲ್ಲಿ ಒಮ್ಮತವಿರಲಿಲ್ಲ. ಎಲುಬು ಕೀಲುಗಳ ರೋಗಗಳಿಗೆ ದೀರ್ಘವೂ ಅಖಂಡವೂ ಆದ ವಿಶ್ರಾಂತಿಯೇ ಮದ್ದೆಂದು ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸನು ಹೇಳಿದರೆ, ಮುರಿದ ಅಂಗಕ್ಕೂ ಬೇಗನೆ ಚಲನೆ ಬೇಕೆಂದು ಪ್ಯಾರಿಸಿನ ಲ್ಯೂಕಾ-ಷಾಂಪಿಯೋನಿಯೇರನು ವಾದಿಸಿದನು. ಭಾರವನ್ನು ಅರಿಯುವವರು ಯಾರು ಎಂಬುದು ತಿಳಿಯದಿದ್ದುದರಿಂದ ವಿವಾದವು ಅನುಭವದ ಮಟ್ಟದಲ್ಲಿಯೇ ಉಳಿಯಿತು.

ಅರಿಯುವುದು ಜೀವಕೋಶವೆಂಬುದಕ್ಕೆ ೨೦ನೆಯ ಶತಮಾನದ ಕೊನೆಯ ಭಾಗದಿಂದ ಸಾಕ್ಷ್ಯಗಳು ಒದಗಿದವು. ೧೯೮೦ರಲ್ಲಿ ಆಲ್ಬರ್ಟ್ ಹ್ಯಾರಿಸ್ ಮತ್ತು ಸಂಗಡಿಗರು ತೆಳುವಾದ ಸಿಲಿಕೋನ್ ಹಾಳೆಯ ಮೇಲೆ ನಾರು ನೇಯುವ ಜಾತಿಯ ಜೀವಕೋಶಗಳನ್ನು ಬೆಳೆಸಲು, ಅವು ಹಾಳೆಯನ್ನು ಸುಕ್ಕುಗಟ್ಟುವಂತೆ ಎಳೆದುದು ಕಂಡುಬಂದಿತು. ೨೦೦೩ರಲ್ಲಿ ಪ್ರಕಟವಾದ ಲವಾನ್ಯಿನೋ, ಅರ್ನಾಕ್ಜಿ ಮೊದಲಾದವರ ಪರೀಕ್ಷೆ ಇನ್ನೂ ಮಹತ್ವದ್ದು. ಇಲಿಯ ಬಾಲದ ಕಂಡರವನ್ನು ಎಳೆತವಿಲ್ಲದೆ ಇರಿಸಿದಾಗ ಅದರ ಜೀವಕೋಶಗಳು ತಾವಿರುವ ನಾರನ್ನೇ ಕರಗಿಸುವ ಕಿಣ್ವದ ಉತ್ಪಾದನೆಗೆ ತೊಡಗಿದವು. ಮತ್ತೆ ಮತ್ತೆ ಹಿತಮಿತವಾಗಿ ಎಳೆದಾಗ ಆ ಪ್ರವೃತ್ತಿಯು ತಗ್ಗಿತು. ಎಂದರೆ ಭಾರವಿಲ್ಲದಿರುವುದೂ ಜೀವಕೋಶಕ್ಕೆ ಒಂದು ಸುದ್ದಿಯೇ ಸರಿ. ಆರ್ಡೆಮ್ ಪಟಪೌಟಿಯನ್ನರ ತಂಡವು ೨೦೧೦ರಲ್ಲಿ ಗುರುತಿಸಿದ ಪೀಜೋ-೧ ಎಂಬ ಪ್ರೋಟೀನು ಒತ್ತಡ ತಗಲಿದಾಗ ಕೋಶದ ಪೊರೆಯಲ್ಲಿ ತೆರೆದುಕೊಳ್ಳುವ ಬಾಗಿಲಾಗಿದೆ. ನಾರುಗಳು ಒಂದರ ಮೇಲೊಂದು ಜಾರಿದಾಗ ಕಂಡರದ ಕೋಶವು ಇದರ ಮೂಲಕವೇ ಅದನ್ನು ಅರಿಯುತ್ತದೆಂದು ಜೂರಿಕ್ಕಿನ ಸಂಶೋಧಕರು ೨೦೨೧ರಲ್ಲಿ ತೋರಿಸಿದರು.

ಈ ಹೊಂದಾಣಿಕೆಗೂ ಮೇರೆಯುಂಟು. ಅದನ್ನು ತಿಳಿಸಿದ್ದು ನಮ್ಮ ಪುರಾತತ್ತ್ವಜ್ಞರಿಗೆ ಚಿರಪರಿಚಿತವಾದ ಕಾರ್ಬನ್-೧೪. ೧೯೫೫ರಿಂದ ೧೯೬೩ರವರೆಗಿನ ಪರಮಾಣು ಸ್ಫೋಟಗಳಿಂದ ವಾಯುಮಂಡಲದಲ್ಲಿ ಇದು ಹೆಚ್ಚಿತಷ್ಟೆ. ಡೆನ್ಮಾರ್ಕಿನ ಸಂಶೋಧಕರು ಮೃತರ ಹಿಮ್ಮಡಿಯ ಕಂಡರಗಳಲ್ಲಿ ಇದನ್ನು ಅಳೆದು, ಕಂಡರದ ತಿರುಳು ಸುಮಾರು ೧೭ ವರ್ಷ ವಯಸ್ಸಿನೊಳಗೆ ರಚಿತವಾಗಿ, ಅನಂತರ ಬಹುಮಟ್ಟಿಗೆ ಹೊಸದಾಗುವುದಿಲ್ಲವೆಂದು ೨೦೧೩ರಲ್ಲಿ ಪ್ರಕಟಿಸಿದರು. ಆದುದರಿಂದ ಪ್ರಾಯದಲ್ಲಿ ಹರಿದ ಕಂಡರವು ಮೊದಲಿನಂತಾಗುವುದು ಕಷ್ಟವೆಂಬುದು ಆಶ್ಚರ್ಯವಲ್ಲ.

ಇಷ್ಟಾದರೂ ಚಿಕಿತ್ಸೆಯ ಒಲವು ಚಲನೆಯ ಕಡೆಗೇ ವಾಲಿದೆ. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ ೧೯೯೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಮ್ಮಡಿಯ ಕಂಡರದ ನೋವಿನಿಂದ ಬಹುಕಾಲ ಬಳಲುತ್ತಿದ್ದ ೧೫ ಮಂದಿ ಓಟಗಾರರು ಭಾರ ಹೊತ್ತು ಹಿಮ್ಮಡಿಯನ್ನು ಮೆಲ್ಲನೆ ಇಳಿಸುವ ವ್ಯಾಯಾಮವನ್ನು ೧೨ ವಾರ ಮಾಡಿ ಮತ್ತೆ ಓಟಕ್ಕೆ ಮರಳಿದರು. ಓಟಗಾರರ ಸಂಖ್ಯೆ ಚಿಕ್ಕದು. ಆದರೆ ನೋವಿರುವ ಕಂಡರಕ್ಕೇ ಭಾರ ಕೊಡಬಹುದೆಂಬ ಧೈರ್ಯವನ್ನು ಅದು ತಂದಿತು.

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ವಿದಿತವಾಗುತ್ತವೆ. ಒಂದು ಪದದ ಸಂಕರಕ್ಕೆ ಹಿರಿಯನೊಬ್ಬನ ಪ್ರಾಮಾಣ್ಯವು ಸೇರಿದಾಗ, ಹೊಲಿಯಬಲ್ಲ ಕೈಗಳೂ ಶತಮಾನಗಳ ಕಾಲ ಹಿಂಜರಿದವು. ಎರಡನೆಯದಾಗಿ, ವಿಶ್ರಾಂತಿಯ ಪಕ್ಷವಾಗಲಿ ಚಲನೆಯ ಪಕ್ಷವಾಗಲಿ ಪೂರ್ಣವಾಗಿ ಗೆಲ್ಲಲಿಲ್ಲ. ಎಷ್ಟು ಭಾರ, ಯಾವಾಗ ಎಂಬ ಪ್ರಮಾಣದ ಪ್ರಶ್ನೆಯು ಹಳೆಯ ವಿವಾದದ ಸ್ಥಾನವನ್ನು ಆಕ್ರಮಿಸಿದೆ. ವಿಜ್ಞಾನದ ಇತಿಹಾಸವನ್ನು ಓದುವ ವಿದ್ಯಾರ್ಥಿಯು ಸಿದ್ಧಾಂತಗಳೊಡನೆ ಅವುಗಳನ್ನು ಹೊತ್ತು ತಂದ ಪದಗಳನ್ನೂ ಪರೀಕ್ಷಿಸಬೇಕೆಂಬುದು ನಮ್ಮ ಅಭಿಪ್ರಾಯ.