ಯುದ್ಧದಲ್ಲಿ ಸ್ತ್ರೀರಕ್ಷಣೆಯ ಪ್ರತಿಜ್ಞೆಗಳು ಮತ್ತು ಕಲಬುರಗಿ ಸೀಮೆ

ಯುದ್ಧಕಾಲದಲ್ಲಿ ಸ್ತ್ರೀಯರಿಗೆ ಅಭಯವಿರತಕ್ಕುದೆಂಬ ನಿಯಮವು ಪಾಶ್ಚಾತ್ಯ ರಾಷ್ಟ್ರಗಳ ಸಮ್ಮೇಳನಗಳಲ್ಲಿ ಜನ್ಮತಾಳಿ ತರುವಾಯ ನಮ್ಮಲ್ಲಿಗೆ ಬಂದಿತೆಂಬ ಭಾವನೆ ವಿದ್ಯಾವಂತರಲ್ಲಿ ಪ್ರಚಲಿತವಾಗಿದ್ದರೂ, ಎರಡು ರಾಜ್ಯಗಳ ನಡುವಿನ ಅಂತಹದೇ ಒಂದು ಒಡಂಬಡಿಕೆಯ ಕಥನವು ಹದಿನಾಲ್ಕನೆಯ ಶತಮಾನದ ಕಲಬುರಗಿಯೊಡನೆ ಹೆಣೆದುಕೊಂಡು ಉಳಿದಿದೆ. ಅದನ್ನು ಬರೆದಿಟ್ಟವನು ಫೆರಿಸ್ತಾ. ವಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿದ್ದ ಈ ಇತಿಹಾಸಕಾರನು ಘಟನೆಗಳಿಗಿಂತ ಎರಡು ಶತಮಾನಗಳಿಗೂ ಹೆಚ್ಚು ಕಾಲ ಈಚಿನವನಾದುದರಿಂದಲೂ, ಹತರ ಸಂಖ್ಯೆಯನ್ನು ಹೇಳುವಾಗ ಅವನ ಲೇಖನಿಗೆ ಮಿತಿಯಿರಲಿಲ್ಲವಾದುದರಿಂದಲೂ ಅವನ ಮಾತನ್ನು ಎಚ್ಚರದಿಂದಲೇ ಸ್ವೀಕರಿಸತಕ್ಕುದು.

ಕಲಬುರಗಿಯಿಂದ ಆಳುತ್ತಿದ್ದ ಬಹಮನಿ ಸುಲ್ತಾನ ಒಂದನೆಯ ಮಹಮ್ಮದ್ ಷಹನು ಗಾಯಕರ ಸಂಭಾವನೆಯನ್ನು ವಿಜಯನಗರದ ಬೊಕ್ಕಸದಿಂದ ಕೊಡಿಸಬೇಕೆಂದು ಪಾನಮತ್ತನಾಗಿ ಬರೆಯಿಸಿದ ಆಜ್ಞಾಪತ್ರವೇ ಕಲಹಕ್ಕೆ ಮೂಲವಾಯಿತಂತೆ. ಅಪಮಾನಿತನಾದ ವಿಜಯನಗರದ ಅರಸ ಬುಕ್ಕರಾಯನ ಸೈನ್ಯವು 1366ರಲ್ಲಿ ಮುದಗಲ್ಲನ್ನು ಹಿಡಿದು ಹೆಂಗಸರು ಮಕ್ಕಳೆನ್ನದೆ ಅಲ್ಲಿದ್ದವರನ್ನೆಲ್ಲ ಸಂಹರಿಸಿತೆಂದೂ, ಸುಲ್ತಾನನು ಅದಕ್ಕೆ ಪ್ರತಿಯಾಗಿ ಲಕ್ಷ ಜನರನ್ನು ಕೊಲ್ಲದೆ ಖಡ್ಗವನ್ನು ಒರೆಗೆ ಸೇರಿಸೆನೆಂದು ಆಣೆಯಿಟ್ಟು ಹೊರಟನೆಂದೂ ಫೆರಿಸ್ತಾ ಹೇಳುತ್ತಾನೆ. ಕಡೆಗೆ ಸಂಧಿಗಾಗಿ ಬಂದ ವಿಜಯನಗರದ ದೂತರು, ಅಪರಾಧಿಯ ಸಲುವಾಗಿ ನಿರಪರಾಧಿಗಳನ್ನು, ಅದರಲ್ಲಿಯೂ ಅಸಹಾಯಕರಾದ ಸ್ತ್ರೀಯರನ್ನೂ ಶಿಶುಗಳನ್ನೂ ದಂಡಿಸುವುದು ಸುಲ್ತಾನನ ಧರ್ಮಗ್ರಂಥಕ್ಕೇ ವಿರುದ್ಧವೆಂದು ವಾದಿಸಿದರು. ಶತ್ರುವಿನ ಶಾಸ್ತ್ರವನ್ನೇ ಮುಂದಿಟ್ಟು ಶತ್ರುವನ್ನು ಕಟ್ಟಿಹಾಕಿದ ಈ ವಾದಕೌಶಲಕ್ಕೆ ಸುಲ್ತಾನನು ಮಣಿದು, ಜಯಾನಂತರ ಯಾರನ್ನೂ ಕೊಲ್ಲೆನೆಂದೂ ತನ್ನ ಉತ್ತರಾಧಿಕಾರಿಗಳೂ ಇದಕ್ಕೆ ಬದ್ಧರೆಂದೂ ವಚನವಿತ್ತನು. ಗಾಯಕರ ಹಣವನ್ನು ಮಾತ್ರ ಅವನು ಬಿಡಲಿಲ್ಲ. ದೂತರು ಅದನ್ನು ತೆತ್ತೇ ಹಿಂದಿರುಗಿದರು.

ಈ ವಚನವು ಅರ್ಧ ಶತಮಾನಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬಾಳಿದಂತೆ ತೋರುತ್ತದೆ. ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನು ಸಾಗಿಸಿದ ಅಹಮದ್ ಷಹನು ತನ್ನ ಆಳ್ವಿಕೆಯ ಆರಂಭದಲ್ಲಿ ವಿಜಯನಗರದ ಸೀಮೆಯನ್ನು ಹೊಕ್ಕು, ಪೂರ್ವಜನ ಒಡಂಬಡಿಕೆಯನ್ನು ಬದಿಗೊತ್ತಿ, ಸ್ತ್ರೀಯರನ್ನೂ ಮಕ್ಕಳನ್ನೂ ಕೊಲ್ಲಿಸಿದನಲ್ಲದೆ ಹತರ ಸಂಖ್ಯೆ ಇಪ್ಪತ್ತು ಸಾವಿರವನ್ನು ಮುಟ್ಟಿದಾಗಲೆಲ್ಲ ಮೂರು ದಿನ ಉತ್ಸವ ನಡೆಯಿಸಿದನೆಂದು ಅದೇ ಫೆರಿಸ್ತಾ ಬರೆಯುತ್ತಾನೆ. ನಡುವೆ, 1406ರಲ್ಲಿ, ಬಹಮನಿ ಸುಲ್ತಾನ ಫಿರೋಜ್ ಷಹನು ವಿಜಯನಗರದ ದೇವರಾಯನ ಮಗಳನ್ನೇ ಸಂಧಿಯ ಒಂದು ಕರಾರಾಗಿ ಪಡೆದು ವಿವಾಹವಾಗಿದ್ದನು. ನನಗೆ ಈ ಮೂರು ಪ್ರಸಂಗಗಳಲ್ಲಿ ಗಮನಾರ್ಹವಾಗಿ ತೋರುವುದು ಕ್ರೌರ್ಯವಲ್ಲ, ಕ್ರೌರ್ಯವು ಆ ಕಾಲದ ಎಲ್ಲ ಯುದ್ಧಗಳಿಗೂ ಸಾಮಾನ್ಯವೇ. ಹೆಣ್ಣು ಪ್ರತಿಜ್ಞೆಯ ವಿಷಯವಾದಳೇ ಹೊರತು ಪ್ರತಿಜ್ಞೆಗೆ ಪಕ್ಷಗಾರಳಾಗಲಿಲ್ಲ, ಆದುದರಿಂದ ಅದು ಮುರಿದಾಗ ಕೇಳುವ ಅಧಿಕಾರವೂ ಅವಳಿಗೆ ಒದಗಲಿಲ್ಲ ಎಂಬುದು.

ಈ ನ್ಯೂನತೆಯು ಸುಲ್ತಾನರೊಡನೆ ಮುಗಿಯಲಿಲ್ಲ. 1948ರಲ್ಲಿ ಹೈದರಾಬಾದಿನ ನಿಜಾಮನ ರಾಜ್ಯಕ್ಕೆ ಸೇರಿದ್ದ ಕಲಬುರಗಿ, ಬೀದರ್ ಜಿಲ್ಲೆಗಳು ಖಾಸಿಂ ರಜ್ವಿಯ ನೇತೃತ್ವದ ರಜಾಕಾರರ ಹಾವಳಿಗೆ ತುತ್ತಾಗಿ, ಅನೇಕ ಹಿಂದೂ ಕುಟುಂಬಗಳು ಹೆಣ್ಣುಮಕ್ಕಳನ್ನು ಕರೆದುಕೊಂಡು ಮುಂಬಯಿ ಪ್ರಾಂತದ ಸೊಲ್ಲಾಪುರ, ವಿಜಾಪುರಗಳ ಕಡೆಗೆ ವಲಸೆಹೋದುವು. ನಿಜಾಮ ಸರಕಾರವು ಭಾರತದ ವಿರುದ್ಧ ವಿಶ್ವಸಂಸ್ಥೆಯ ಭದ್ರತಾ ಸಮಿತಿಗೆ ಸಲ್ಲಿಸಿದ ದೂರು ಸೆಪ್ಟೆಂಬರ್ 16ರಂದು ಪ್ಯಾರಿಸ್ಸಿನಲ್ಲಿ ವಿಚಾರಣೆಗೆ ಬಂದಿತು; ಅದರ ಮರುದಿನವೇ ಹೈದರಾಬಾದು ಭಾರತದ ಸೈನ್ಯಕ್ಕೆ ಶರಣಾಯಿತು. ಪ್ಯಾರಿಸ್ಸಿನಲ್ಲಿ ನಡೆದ ವಾದವೆಲ್ಲ ರಾಜ್ಯದ ಸಾರ್ವಭೌಮತ್ವವನ್ನು ಕುರಿತುದು. ಪೊಲೀಸ್ ಕಾರ್ಯಾಚರಣೆಯೆನಿಸಿದ ಈ ಸೈನಿಕ ಕ್ರಮದ ಬೆನ್ನಿಗೇ ಹಳ್ಳಿಗಳಲ್ಲಿ ಪ್ರತೀಕಾರದ ಹಿಂಸೆ ಭುಗಿಲೆದ್ದು ಈ ಬಾರಿ ಮುಸಲ್ಮಾನ ಕುಟುಂಬಗಳು ಬಲಿಯಾದುವು. ಅದನ್ನು ತಿಳಿಯಲು ಭಾರತ ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿಯವರ ಸಮಿತಿಯು ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಸಂಚರಿಸಿ, ರಾಜ್ಯದಲ್ಲಿ ಇಪ್ಪತ್ತೇಳರಿಂದ ನಲವತ್ತು ಸಾವಿರ ಜನ ಹತರಾದರೆಂದು ಅಂದಾಜುಮಾಡಿ, ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್‌ಗಳನ್ನು ಅತ್ಯಂತ ಪೀಡಿತ ಜಿಲ್ಲೆಗಳೆಂದು ಗುರುತಿಸಿತು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮೇಲಿರುವ ಕಮಲಾಪುರದ ಸೀಮೆಯು ಇಂತಹ ಎರಡು ಜಿಲ್ಲೆಗಳ ನಡುವಿನದು.

ಸಮಿತಿಯು ಪಕ್ಷಪಾತಿಯಾಗಿರಲಿಲ್ಲ. ರಜಾಕಾರರು ಎಸಗಿದ ಸ್ತ್ರೀಯರ ಅಪಹರಣ, ಅತ್ಯಾಚಾರಗಳನ್ನೂ, ಆಮೇಲೆ ಮುಸಲ್ಮಾನ ಸ್ತ್ರೀಯರನ್ನು ಅಪಹರಿಸಿ ಕೆಲವೊಮ್ಮೆ ಸೊಲ್ಲಾಪುರ, ನಾಗಪುರಗಳವರೆಗೆ ಒಯ್ದುದನ್ನೂ ಅದು ದಾಖಲಿಸಿತು. ಹಿಂದೂ ನೇಕಾರರು ಪ್ರಾಣವನ್ನೂ ತೆತ್ತು ಮುಸಲ್ಮಾನ ನೇಕಾರರನ್ನು ಕಾಪಾಡಿದುದನ್ನೂ, ಅಪಹೃತೆಯರನ್ನು ಮರಳಿ ತರುವುದರಲ್ಲಿ ಅನೇಕ ಹಿಂದೂಗಳು ನೆರವಾದುದನ್ನೂ ಅದೇ ವರದಿ ಹೇಳುತ್ತದೆ. ಯಾವ ಸಮ್ಮೇಳನದ ನಿರ್ಣಯವನ್ನೂ ಕಾಣದ ಮಗ್ಗದವರ ಈ ನಡತೆಯನ್ನು ಅಂತಾರಾಷ್ಟ್ರೀಯ ಕಾನೂನಿನ ಇತಿಹಾಸಕಾರರು ಇನ್ನೂ ತಮ್ಮ ಗ್ರಂಥಗಳಲ್ಲಿ ಸೇರಿಸಿಕೊಳ್ಳಬೇಕಾಗಿದೆ. ವರದಿಯನ್ನು ಸರಕಾರವು ಪ್ರಕಟಿಸಲಿಲ್ಲ. 2013ರಲ್ಲಿ ಎ. ಜಿ. ನೂರಾನಿಯವರ ಗ್ರಂಥದ ಮೂಲಕ ಅದು ವ್ಯಾಪಕವಾಗಿ ಓದುಗರ ಕೈಸೇರುವ ಹೊತ್ತಿಗೆ, ಸಾಕ್ಷಿ ನುಡಿಯಬಲ್ಲವರಲ್ಲಿ ಬಹುಮಂದಿ ಕಾಲವಶರಾಗಿದ್ದರು.

ಸಮಿತಿಯು ಇನ್ನೂ ಸಂಚಾರದಲ್ಲಿದ್ದಾಗಲೇ, 1948ರ ಡಿಸೆಂಬರ್ 10ರಂದು, ಅದೇ ಪ್ಯಾರಿಸ್ಸಿನಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯು ಅಂಗೀಕೃತವಾಯಿತು. ಅದರ ರಚನೆಯಲ್ಲಿ ಭಾರತದ ಹಂಸಾ ಮೆಹತಾರವರ ಪಾಲು ಹಿರಿದು. ಮರುವರ್ಷದ ಆಗಸ್ಟ್ 12ರ ನಾಲ್ಕನೆಯ ಜಿನೀವಾ ಒಪ್ಪಂದವು ತನ್ನ 27ನೆಯ ವಿಧಿಯಲ್ಲಿ ಸ್ತ್ರೀಯರನ್ನು ಅತ್ಯಾಚಾರದಿಂದ ವಿಶೇಷವಾಗಿ ರಕ್ಷಿಸಬೇಕೆಂದು ವಿಧಿಸಿತಾದರೂ, ಅದನ್ನು ಅವಳ ಮಾನದ ಮೇಲಣ ಆಕ್ರಮಣವೆಂದು ಬಗೆಯಿತಲ್ಲದೆ ಅವಳ ವ್ಯಕ್ತಿತ್ವದ ಮೇಲಣ ಅಪರಾಧವೆಂದು ಭಾವಿಸಲಿಲ್ಲ. ಮೇಲಾಗಿ ಆ ವಿಧಿ ರಾಷ್ಟ್ರ ರಾಷ್ಟ್ರಗಳ ಯುದ್ಧಕ್ಕೆ ಅನ್ವಯಿಸತಕ್ಕುದು. ಆಂತರಿಕ ಸಂಘರ್ಷಗಳಲ್ಲಿ ಅತ್ಯಾಚಾರವನ್ನು ಹೆಸರಿಸಿ ನಿಷೇಧಿಸಿದ 1977ರ ಎರಡನೆಯ ಹೆಚ್ಚುವರಿ ಒಡಂಬಡಿಕೆಗೆ ಭಾರತವು ಸೇರಿಲ್ಲ. ಇತ್ತ ದೇಶದೊಳಗೆ, ಅಪಹೃತರ ಪುನಃಪ್ರಾಪ್ತಿಗೆಂದು 1949ರಲ್ಲಿ ರಚಿತವಾದ ಶಾಸನವು ಪಂಜಾಬು, ದಿಲ್ಲಿ, ಸಂಯುಕ್ತ ಪ್ರಾಂತ, ರಾಜಸ್ಥಾನಗಳ ಸೀಮೆಗೆ ಮೀಸಲಾಗಿ, ಹೈದರಾಬಾದನ್ನು ಒಳಗೊಳ್ಳಲಿಲ್ಲ. ಒಳಗೊಂಡಿದ್ದರೆ ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಕೇವಲ ಒಳಿತೇ ಆಗುತ್ತಿತ್ತೆಂದು ಹೇಳುವ ಧೈರ್ಯ ನನಗಿಲ್ಲ, ಏಕೆಂದರೆ ಆ ಶಾಸನವು ಸ್ತ್ರೀಯು ಪ್ರಾಪ್ತವಯಸ್ಕಳಾಗಿದ್ದರೂ ಅವಳ ಇಚ್ಛೆಯನ್ನು ನಿರ್ಣಾಯಕವೆಂದು ಮನ್ನಿಸದೆ, ಅವಳೆಲ್ಲಿರಬೇಕೆಂಬುದನ್ನು ನ್ಯಾಯಮಂಡಲಿಗೆ ಒಪ್ಪಿಸಿದ್ದಿತು.

ಸ್ತ್ರೀಯರ ವಿರುದ್ಧದ ಎಲ್ಲ ತಾರತಮ್ಯಗಳ ನಿರ್ಮೂಲನದ 1979ರ ಒಡಂಬಡಿಕೆಯನ್ನು ಭಾರತವು 1993ರ ಜುಲೈ 9ರಂದು ಕೆಲವು ಘೋಷಣೆಗಳೊಡನೆ ಸ್ಥಿರೀಕರಿಸಿತು. 2000ದ ಅಕ್ಟೋಬರ್ 31ರಂದು ಭದ್ರತಾ ಸಮಿತಿಯೇ, ಹೈದರಾಬಾದಿನ ದೂರನ್ನು ಒಮ್ಮೆ ಆಲಿಸಿದ ಅದೇ ಸಮಿತಿಯೇ, 1325ನೆಯ ನಿರ್ಣಯದಲ್ಲಿ ರಕ್ಷಣೆಯೊಡನೆ ಶಾಂತಿಯ ನಿರ್ಣಯಗಳಲ್ಲಿ ಸ್ತ್ರೀಯರ ಭಾಗಿತ್ವವನ್ನೂ ಆಗ್ರಹಿಸಿತು. ನನ್ನ ದೃಷ್ಟಿಯಲ್ಲಿ ಈ ಭಾಗಿತ್ವವೇ ಹೊಸತು. ಸುಂದರಲಾಲ್ ಸಮಿತಿಯ ಸದಸ್ಯರು ಮೂವರೂ ಪುರುಷರು. ಅಪಹೃತಳಾಗಿ ಮರಳಿದ ಒಬ್ಬ ಹಳ್ಳಿಯ ಹೆಂಗಸು ಅವರೆದುರಿಗೆ, ಊರ ಗಂಡಸರು ಸುತ್ತ ಕುಳಿತಿರಲು, ಏನನ್ನು ಹೇಳಿರಬಹುದು, ಏನನ್ನು ನುಂಗಿಕೊಂಡಿರಬಹುದೆಂಬುದನ್ನು ಊಹಿಸುವುದು ಕಠಿಣವಲ್ಲ. ಪ್ರತಿವರ್ಷ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಸರ್ದಾರ್ ಪಟೇಲರ ಪ್ರತಿಮೆಗೆ ಮಾಲಾರ್ಪಣೆಯಾಗಿ ವಿಮೋಚನೆಯ ಭಾಷಣಗಳಾಗುತ್ತವೆ. 1948ರಲ್ಲಿ ಹದಿನೈದು ವರ್ಷದವಳಾಗಿದ್ದ ಬಾಲಿಕೆಗೆ ಇಂದು ತೊಂಬತ್ತು ಮೀರಿದ ಪ್ರಾಯ. ಕಮಲಾಪುರದ ಸುತ್ತಣ ಹಳ್ಳಿಗಳಲ್ಲಿ ಉಳಿದಿರಬಹುದಾದ ಅಂತಹ ವೃದ್ಧೆಯರ ಬಳಿಗೆ, ಮತವನ್ನು ಎಣಿಸದೆ, ಕಲಬುರಗಿಯ ವಿಶ್ವವಿದ್ಯಾಲಯಗಳ ಸಂಶೋಧಕಿಯರು ಹೋಗಬೇಕಾಗಿದೆ. ಆ ವೃದ್ಧೆಯರು ಹೇಳಲು ಒಪ್ಪಿದುದನ್ನಷ್ಟೇ, ಅವರು ಬಯಸಿದಂತೆ ಹೆಸರನ್ನು ಮರೆಸಿ, ಅವರ ಮಾತಿನಲ್ಲಿಯೇ ಬರೆದುಕೊಳ್ಳತಕ್ಕುದು.